ಹೊಸ ಊರಿನಲ್ಲಿ ಊಟ: ಹೊಸಬರಿಗೆ ಸಂಘದ ಕೆಲವು ಸಲಹೆಗಳು

ಊರು ಬದಲಾಯಿಸಿದ ಶುರುವಿನಲ್ಲಿ ಊಟದ ಕಡೆ ಗಮನ ಕೊಡುವುದು ಕಷ್ಟ. ಸಾಮಾನು ಜೋಡಿಸಬೇಕು, ಮಕ್ಕಳ ಶಾಲೆ ನೋಡಬೇಕು, ಕಾಗದಪತ್ರದ ಓಡಾಟ ಬೇರೆ. ಆಗ ಪ್ಯಾಕೆಟ್ ತಿಂಡಿ, ಕೂಲ್ ಡ್ರಿಂಕ್ಸ್ ಮನೆಯೊಳಗೆ ಬಂದುಬಿಡುತ್ತವೆ. ಓಡಾಟ ಮುಗಿದರೂ ಆ ಅಭ್ಯಾಸ ಉಳಿದುಕೊಳ್ಳುತ್ತದೆ. ಅದಕ್ಕೇ ನಾವು ಹೇಳುವುದು, ಅಡುಗೆಮನೆಗಿಂತ ಮೊದಲು ಅಂಗಡಿಯಲ್ಲಿ ಹುಷಾರಾಗಿರಿ.

ಪ್ಯಾಕೆಟ್ ತಿರುಗಿಸಿ ಹಿಂಬದಿ ಓದಿ. ಪದಾರ್ಥಗಳ ಪಟ್ಟಿಯಲ್ಲಿ ಸಾಮಾನ್ಯವಾಗಿ ಜಾಸ್ತಿ ತೂಕದ್ದು ಮೊದಲು ಬರುತ್ತದೆ. ಮೊದಲ ಎರಡು ಮೂರು ಹೆಸರುಗಳಲ್ಲೇ ಸಕ್ಕರೆ ಇದ್ದರೆ, ಮೇಲೆ ಎಷ್ಟೇ ಧಾನ್ಯದ ಚಿತ್ರ ಹಾಕಿದ್ದರೂ ಅದು ಸಿಹಿತಿಂಡಿಯೇ. ಗ್ಲೂಕೋಸ್ ಸಿರಪ್, ಡೆಕ್ಸ್‌ಟ್ರೋಸ್ ಅಂತ ಬರೆದಿದ್ದರೆ ಅದೂ ಸಕ್ಕರೆ. 'ಒಂದು ಸರ್ವಿಂಗ್‌ಗೆ' ಅನ್ನುವ ಲೆಕ್ಕ ನಂಬಿ ಮೋಸಹೋಗಬೇಡಿ. ಯಾರೂ ಎರಡೇ ಬಿಸ್ಕತ್ತಿಗೆ ನಿಲ್ಲಿಸುವುದಿಲ್ಲ, ಅಲ್ವಾ? 100 ಗ್ರಾಂ ಲೆಕ್ಕ ನೋಡಿ, ಎರಡು ಪ್ಯಾಕೆಟ್ ಹೋಲಿಸಿ ಕೊಳ್ಳಿ.

ಉಪ್ಪಿನ ಬದಲು ಸೋಡಿಯಂ ಅಂತ ಬರೆದಿದ್ದರೆ ಅದನ್ನು ಎರಡೂವರೆಯಿಂದ ಗುಣಿಸಿ. 800 ಮಿಲಿಗ್ರಾಂ ಸೋಡಿಯಂ ಅಂದರೆ 2 ಗ್ರಾಂ ಉಪ್ಪು. ದೊಡ್ಡವರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಇರಲಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಂದರೆ ಒಂದು ಟೀ ಚಮಚದೊಳಗೆ, ಅಡುಗೆಗೆ ಹಾಕಿದ್ದೂ ಸೇರಿ.

ಒಂದೇ ಒಂದು ಬದಲಾವಣೆ ಮಾಡಲು ಪುರುಸೊತ್ತಿದ್ದರೆ, ಸಿಹಿ ಪಾನೀಯ ತರುವುದನ್ನು ನಿಲ್ಲಿಸಿ. 330 ಮಿಲಿಲೀಟರ್‌ನ ಒಂದು ಸಾಮಾನ್ಯ ಕೋಲಾ ಕ್ಯಾನ್‌ನಲ್ಲಿ ಸುಮಾರು 35 ಗ್ರಾಂ ಸಕ್ಕರೆ ಇರುತ್ತದೆ. ದೊಡ್ಡವರಿಗೇ ಇಡೀ ದಿನಕ್ಕೆ 50 ಗ್ರಾಂ ದಾಟಬಾರದು, 25ರೊಳಗಿದ್ದರೆ ಇನ್ನೂ ಒಳ್ಳೆಯದು. ಡಬ್ಬಿ ಜ್ಯೂಸ್ ಪರವಾಗಿಲ್ಲ ಅಂತ ಮಕ್ಕಳಿಗೆ ಕೊಡುವವರು ತುಂಬಾ ಜನ. ಜ್ಯೂಸಿನ ಸಕ್ಕರೆಯೂ ಈ ಲೆಕ್ಕಕ್ಕೇ ಸೇರುತ್ತದೆ. ಹಣ್ಣನ್ನೇ ಕೊಡಿ, ಬಾಯಾರಿಕೆಗೆ ನೀರು ಕೊಡಿ.

ತಟ್ಟೆಗೆ ಬಡಿಸುವಾಗ ಅಳತೆ ತೂಕ ಬೇಡ. ಅರ್ಧ ತಟ್ಟೆ ತರಕಾರಿ, ಹಣ್ಣು. ಕಾಲು ಭಾಗ ಧಾನ್ಯ, ಆದಷ್ಟೂ ಪಾಲಿಶ್ ಮಾಡದ್ದು. ಇನ್ನು ಕಾಲು ಭಾಗ ಬೇಳೆಕಾಳು, ಮೊಟ್ಟೆ, ಮೀನು, ಹೀಗೆ ಪ್ರೋಟೀನ್ ಇರುವುದು. ತರಕಾರಿ, ಹಣ್ಣು ಸೇರಿ ದಿನಕ್ಕೆ ಕನಿಷ್ಠ 400 ಗ್ರಾಂ ಬೇಕು. ಆಲೂಗಡ್ಡೆ ಇದರಲ್ಲಿ ಬರುವುದಿಲ್ಲ. ತಾಜಾ ತರಕಾರಿ ದುಬಾರಿಯಾದರೆ ಫ್ರೋಜನ್ ತನ್ನಿ, ಸಂಕೋಚ ಬೇಡ. ಕೊಯ್ದ ಸ್ವಲ್ಪ ಹೊತ್ತಿಗೇ ಹೆಪ್ಪುಗಟ್ಟಿಸುವುದರಿಂದ ಪೋಷಕಾಂಶ ಬಹುಪಾಲು ಉಳಿದಿರುತ್ತದೆ. ಉಪ್ಪು, ಸಾಸ್ ಸೇರಿಸದ್ದನ್ನು ನೋಡಿ ತನ್ನಿ, ಅಷ್ಟೇ.

ಸಸ್ಯಾಹಾರಿಗಳು ವಿಟಮಿನ್ ಬಿ12 ಮರೆಯಬೇಡಿ. ಹಾಲು, ಮೊಸರಿನಲ್ಲಿ ಸಿಗುತ್ತದೆ. ಅದನ್ನೂ ತೆಗೆದುಕೊಳ್ಳದವರು ವೈದ್ಯರನ್ನು ಕೇಳಿ ಮಾತ್ರೆ ತೆಗೆದುಕೊಳ್ಳಬೇಕು. ಬೇಳೆಕಾಳು, ಸೊಪ್ಪಿನ ಕಬ್ಬಿಣಾಂಶ ಮೈಗೆ ಹತ್ತಬೇಕಾದರೆ ಮೇಲೆ ನಿಂಬೆರಸ ಹಿಂಡಿ. ಊಟದ ಜೊತೆಗೇ ಟೀ, ಕಾಫಿ ಬೇಡ.

ಮಕ್ಕಳು ಹೊಸ ತರಕಾರಿ ಬೇಡ ಅಂದರೆ ಗದರಿಸಬೇಡಿ. ಬಲವಂತ ಮಾಡದೆ, ಒಂದೆರಡು ತುಂಡು ಮತ್ತೆ ಮತ್ತೆ ತಟ್ಟೆಯಲ್ಲಿಡಿ. ಹತ್ತು ಸಲ ಬೇಡ ಅಂದ ಮಗು ಆಮೇಲೆ ತಾನಾಗಿ ತಿನ್ನುವುದುಂಟು. ನೀವೂ ಅದನ್ನೇ ಅವರೆದುರು ತಿನ್ನಿ.

ಮನೆಯಲ್ಲಿ ಸಕ್ಕರೆ ಕಾಯಿಲೆ, ಕಿಡ್ನಿ ತೊಂದರೆ ಇರುವವರು ಊಟದ ಕ್ರಮ ಬದಲಿಸುವ ಮುಂಚೆ ವೈದ್ಯರ ಹತ್ತಿರ ಮಾತಾಡಿ.