ಒಂದು ಕೆಲಸಕ್ಕೆ ಒಂದೇ ಟೇಪು

ದಾವಣಗೆರೆಯಲ್ಲಿ ಬಾಗಿಲು, ಕಿಟಕಿ, ಕಪಾಟು ಮಾಡುವ ಕೆಲಸ ನನ್ನದು. ಹೊಸದಾಗಿ ಬರುವ ಹುಡುಗರಿಗೆ ಉಳಿ ಹಿಡಿಯುವುದಕ್ಕಿಂತ ಮೊದಲು ಒಂದು ಮಾತು ಹೇಳುತ್ತೇನೆ: ಕೆಲಸ ಯಾವ ಟೇಪಿನಲ್ಲಿ ಶುರುವಾಯಿತೋ ಅದರಲ್ಲೇ ಮುಗಿಯಬೇಕು. ಮನೆಗೆ ಹೋಗಿ ಗೋಡೆ ಅಳೆದ ಟೇಪೇ ಅಂಗಡಿಯಲ್ಲಿ ಮರ ಕೊಯ್ಯುವಾಗಲೂ ಕೈಯಲ್ಲಿರಬೇಕು.

ಯಾಕೆ ಅಂದರೆ, ಒಳ್ಳೆಯ ಟೇಪಿಗೂ ಸ್ವಲ್ಪ ಆಚೀಚೆ ಆಗಲು ಅವಕಾಶ ಇದೆ. ನಿಖರತೆಯಲ್ಲಿ ಎರಡನೇ ದರ್ಜೆಯ (Class II) ಟೇಪು 2 ಮೀಟರಿಗೆ 0.7 ಮಿ.ಮೀ., 5 ಮೀಟರಿಗೆ 1.3 ಮಿ.ಮೀ. ಹೆಚ್ಚು ಕಡಿಮೆ ತೋರಿಸಬಹುದು. ಒಂದು ಹೆಚ್ಚು, ಇನ್ನೊಂದು ಕಡಿಮೆ ತೋರಿಸಿದರೆ 2 ಮೀಟರಿನಲ್ಲೇ 1.4 ಮಿ.ಮೀ. ಅಂತರ. ಎರಡೂ ಟೇಪು ಸರಿಯಾದವೇ, ಆದರೆ ಕಪಾಟಿನ ಬಾಗಿಲು ಮಾತ್ರ ಕೂರುವುದಿಲ್ಲ. ಒಂದೇ ಟೇಪು ಬಳಸಿದರೆ ಅದರ ತಪ್ಪು ಎಲ್ಲ ತುಂಡಿಗೂ ಒಂದೇ ಥರ ಬೀಳುತ್ತದೆ, ಜೋಡಣೆ ಕೆಡುವುದಿಲ್ಲ.

ಟೇಪಿನ ತುದಿಯ ಕೊಕ್ಕೆ ಅಲ್ಲಾಡುತ್ತದೆ ಅಂತ ಕೆಲವರು ಸುತ್ತಿಗೆಯಲ್ಲಿ ಬಡಿದು ಬಿಗಿ ಮಾಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಕೊಕ್ಕೆಯ ತಗಡು ಎಷ್ಟು ದಪ್ಪವೋ ಅಷ್ಟು ಅದು ಸರಿದಾಡಲೇಬೇಕು. ಹಲಗೆಯ ಅಂಚಿಗೆ ಸಿಕ್ಕಿಸಿ ಎಳೆದಾಗಲೂ, ಚೌಕಟ್ಟಿನ ಒಳಗೆ ಒತ್ತಿ ಅಳೆದಾಗಲೂ ಅಳತೆ ಒಂದೇ ಬರಲಿ ಅಂತ ಹಾಗೆ ಮಾಡಿರುತ್ತಾರೆ. ಟೇಪು ಕೆಳಗೆ ಬಿದ್ದು ಕೊಕ್ಕೆ ಬಾಗಿದರೆ ಈ ಲೆಕ್ಕ ಹೋಯಿತು. ಅನುಮಾನ ಬಂದರೆ ನಾನು ಕೊಕ್ಕೆ ಬಿಟ್ಟು 10 ಸೆಂ.ಮೀ. ಗೀಟಿನಿಂದ ಅಳೆಯುತ್ತೇನೆ. ಕೊನೆಗೆ ಆ 10 ಕಳೆಯುವುದನ್ನು ಬಾಯಿಬಿಟ್ಟು ಹೇಳಿಕೊಳ್ಳುವುದು ನನ್ನ ರೂಢಿ.

ಇಂಚು ಮತ್ತು ಮಿ.ಮೀ. ಬೆರೆಸುವುದು ಇದಕ್ಕಿಂತ ದೊಡ್ಡ ತೊಂದರೆ. ಮನೆಯವರು ಅಡಿಯಲ್ಲಿ ಹೇಳುತ್ತಾರೆ, ಪ್ಲೈವುಡ್ ದಪ್ಪ ಮಿ.ಮೀ.ನಲ್ಲಿ ಬರುತ್ತದೆ. ಇಂಚಿಗೆ 25 ಅಂತ ಸುಮ್ನೆ ಗುಣಿಸಿದರೆ 7 ಅಡಿ ಬಾಗಿಲಿಗೆ 33.6 ಮಿ.ಮೀ. ಕಡಿಮೆಯಾಗುತ್ತದೆ. ಇಂಚು 25.4 ಅಲ್ವಾ! ನಾನು ಮೊದಲೇ ಎಲ್ಲವನ್ನೂ ಮಿ.ಮೀ.ಗೆ ಬರೆದುಕೊಳ್ಳುತ್ತೇನೆ.

ಮೂಲೆ 90 ಡಿಗ್ರಿ ಇದೆಯಾ ಅಂತ ನೋಡುವ ಮೂಲೆಮಟ್ಟವೇ ಸರಿ ಇದೆಯಾ ಅಂತ ಪರೀಕ್ಷಿಸುವುದು ಸುಲಭ. ಅಂಚನ್ನು ನೇರವಾಗಿ ಉಜ್ಜಿದ ಹಲಗೆಗೆ ಅದನ್ನು ಒತ್ತಿ ಹಿಡಿದು ಚೂಪು ಪೆನ್ಸಿಲಿನಲ್ಲಿ ಗೀಟು ಎಳೆಯಿರಿ. ಮಟ್ಟವನ್ನು ಮಗುಚಿ, ಅದೇ ಜಾಗದಿಂದ ಇನ್ನೊಂದು ಗೀಟು ಎಳೆಯಿರಿ. ಎರಡೂ ಒಂದರ ಮೇಲೊಂದು ಕೂತರೆ ಸರಿ. ಮೇಲೆ ಹೋಗ್ತಾ ಬಿಟ್ಟುಕೊಂಡರೆ, ಕಾಣುವ ಸಂದಿನ ಅರ್ಧದಷ್ಟು ತಪ್ಪು ಮಟ್ಟದಲ್ಲಿದೆ. ಹೊಸದು ಕೊಳ್ಳುವಾಗ ಅಂಗಡಿಯಲ್ಲೇ ಹೀಗೆ ನೋಡಿ ತರುತ್ತೇನೆ. ಚೌಕಟ್ಟು ಜೋಡಿಸಿದ ಮೇಲಂತೂ ಮಟ್ಟವನ್ನೇ ನಂಬಿ ಕೂರುವುದಿಲ್ಲ, ಮೂಲೆಯಿಂದ ಎದುರು ಮೂಲೆಗೆ ಎರಡೂ ಕಡೆ ಅಳೆದು, ಅಳತೆ ಒಂದೇ ಇದೆಯಾ ಅಂತ ನೋಡುತ್ತೇನೆ.

ಒಂದೇ ಉದ್ದದ ತುಂಡು ಜಾಸ್ತಿ ಬೇಕಾದರೆ ಟೇಪು ಜೇಬಿನಲ್ಲೇ ಇರುತ್ತದೆ. ಒಂದು ರೀಪಿನ ಮೇಲೆ ಎಲ್ಲ ಗುರುತು ಹಾಕಿ, ಅದನ್ನೇ ಪ್ರತಿ ತುಂಡಿನ ಪಕ್ಕ ಇಟ್ಟು ಗೀಟು ಎಳೆಯುತ್ತೇನೆ. ಮೊದಲು ಕೊಯ್ದ ತುಂಡನ್ನು ಅಳತೆಗೆ ಇಟ್ಟುಕೊಂಡು ಎರಡನೆಯದು, ಎರಡನೆಯದರಿಂದ ಮೂರನೆಯದು ಅಂತ ಹೋಗಬಾರದು. ಪೆನ್ಸಿಲ್ ಗೀಟಿನ ದಪ್ಪ ಪ್ರತಿ ಸಲವೂ ಸೇರಿಕೊಳ್ಳುತ್ತದೆ.

ಇನ್ನು ಮರ. ನಮ್ಮ ಕಡೆ ಏಪ್ರಿಲ್ ಬಿಸಿಲಿಗೆ ಮರ ಒಣಗಿ ಕುಗ್ಗುತ್ತದೆ, ಮಳೆಗಾಲದಲ್ಲಿ ಹಿಗ್ಗುತ್ತದೆ. ಉದ್ದ ಬದಲಾಗುವುದು ತೀರಾ ಕಡಿಮೆ, ಹಿಗ್ಗುವುದೆಲ್ಲ ಅಗಲಕ್ಕೆ. ಹಾಗಾಗಿ ಬೇಸಿಗೆಯಲ್ಲಿ ಮಾಡಿದ ಬಾಗಿಲಿನ ನಡುವಿನ ಹಲಗೆಗೆ ಅಕ್ಕಪಕ್ಕ ಸ್ವಲ್ಪ ಜಾಗ ಬಿಡುತ್ತೇನೆ, ಅಂಟು ಹಾಕುವುದಿಲ್ಲ. ಪ್ಲೈವುಡ್ಡಿಗೆ ಇಷ್ಟು ಯೋಚನೆ ಬೇಡ, ಅದು ಅಷ್ಟಾಗಿ ಹಿಗ್ಗುವುದಿಲ್ಲ.