ಅಡ್ಡ ಫ್ರೇಮಿನ ಭಾವಚಿತ್ರ: ಪಕ್ಕದ ಖಾಲಿ ಜಾಗ ಸರಿಹೋದದ್ದು ಹೀಗೆ

ಕ್ಯಾಮೆರಾ ಅಡ್ಡ ಹಿಡಿದರೆ ಮುಖ ನಡುವೆ ಚಿಕ್ಕದಾಗಿ ನಿಲ್ಲುತ್ತಿತ್ತು, ಎರಡೂ ಪಕ್ಕ ಬಣಬಣ. ಲೆನ್ಸಿನ ಬೆಳಕಿನ ಕಿಂಡಿ (ಅಪರ್ಚರ್) ಎಫ್/1.8ಕ್ಕೆ ಅಗಲವಾಗಿ ತೆರೆದಿಟ್ಟು ಹಿನ್ನೆಲೆ ಮಸುಕಾಗಿಸಿದರೂ ಖಾಲಿತನ ಹೋಗಲಿಲ್ಲ. ಅಗಲ ನೋಟದ 35 ಎಂಎಂ ಲೆನ್ಸಿನಲ್ಲಿ ಹತ್ತಿರ ಹೋದರೆ ಮೂಗು ದಪ್ಪ. ಆಮೇಲೆ ಚಿತ್ರದ ಅಂಚು ಕತ್ತರಿಸಿ ಕ್ರಾಪ್ ಮಾಡಿದರೆ ಕೈ ಮಣಿಕಟ್ಟಿನಲ್ಲೇ ತುಂಡು.

ಕೆಲಸ ಮಾಡಿದ್ದು ಕೂರಿಸುವ ಕ್ರಮ. ಮೊದಲು ಎರಡೂ ಮೊಣಕೈ ಮೇಜಿನ ಮೇಲೆ ಊರಿಸಿ, ಒಂದನ್ನು ಫ್ರೇಮಿನಲ್ಲಿ ಖಾಲಿ ಉಳಿಯುವ ಪಕ್ಕಕ್ಕೆ ಚಾಚಿಸಿ. ದೇಹವೇ ಅಗಲವಾಗಿ ಫ್ರೇಮ್ ತುಂಬುತ್ತದೆ. ಭುಜ ಆ ಕಡೆಗೆ ತಿರುಗಿರಲಿ, ನೋಟ ಲೆನ್ಸಿಗೆ. ಬಳಿಕ ದೊಡ್ಡ ಸೆನ್ಸರಿನ ಕ್ಯಾಮೆರಾದಲ್ಲಿ, ಅಂದರೆ ಫುಲ್ ಫ್ರೇಮ್‌ನಲ್ಲಿ 85 ಎಂಎಂ ಲೆನ್ಸ್, ಎಫ್/2.8, ಶಟರ್ ವೇಗ 1/200 ಸೆಕೆಂಡ್, ಗ್ರಿಡ್ (ಪರದೆಯನ್ನು ಒಂಬತ್ತು ಭಾಗ ಮಾಡುವ ಗೆರೆಗಳು) ಆನ್. ಸಿಂಗಲ್ ಪಾಯಿಂಟ್ ಫೋಕಸ್ (ಒಂದೇ ಬಿಂದುವಿನಲ್ಲಿ ಫೋಕಸ್) ಕ್ಯಾಮೆರಾಕ್ಕೆ ಹತ್ತಿರದ ಕಣ್ಣಿನ ಮೇಲೆ. ಆ ಕಣ್ಣು ಗ್ರಿಡ್ಡಿನ ಮೇಲಿನ ಗೆರೆಗಳು ಕೂಡುವಲ್ಲಿ ಬರಲಿ. ನೆತ್ತಿ ಸ್ವಲ್ಪ ಕತ್ತರಿಸಿದರೂ ಸರಿ, ಗದ್ದ ಮಾತ್ರ ಕೂಡದು. ಖಾಲಿ ಪಕ್ಕದಲ್ಲಿ ಬೆಳಕಿನ ಚುಕ್ಕೆಯಿದ್ದರೆ ನೋಡುವವರ ಕಣ್ಣು ಅಲ್ಲಿಗೇ ಓಡುತ್ತದೆ, ಮರೆಮಾಡಿ.