ಹ್ಯೂಜ್ ಪೇಜ್ ಏಕೆ ಸಿಗಲಿಲ್ಲ: ಲಿನಕ್ಸ್ ಕರ್ನಲ್‌ನಲ್ಲಿ ಪತ್ತೆಹಚ್ಚುವ ಬಗೆ

ಲಿನಕ್ಸಿನ ತಿರುಳಾದ ಕರ್ನಲ್, ಪ್ರೋಗ್ರಾಮಿಗೆ ಮೆಮೊರಿಯನ್ನು ಚಿಕ್ಕ ಪುಟಗಳ ಬದಲು ತಾನಾಗಿಯೇ ದೊಡ್ಡ ಪುಟಗಳಲ್ಲಿ (ಹ್ಯೂಜ್ ಪೇಜ್) ಕೊಡುವ ಟ್ರಾನ್ಸ್‌ಪರೆಂಟ್ ಹ್ಯೂಜ್ ಪೇಜ್ (ಟಿಎಚ್‌ಪಿ) ಸೌಲಭ್ಯವನ್ನು ಚಾಲೂ ಮಾಡಿದ ಮಾತ್ರಕ್ಕೆ ಪ್ರೋಗ್ರಾಮಿಗೆ ಹ್ಯೂಜ್ ಪೇಜ್ ಸಿಕ್ಕಿತೆಂದು ನಂಬುವಂತಿಲ್ಲ. 64 ಬಿಟ್‌ನ ಎಕ್ಸ್86 ಯಂತ್ರದಲ್ಲಿ ಸಾಮಾನ್ಯವಾಗಿ 4 ಕೆಬಿಯ 512 ಪುಟಗಳಷ್ಟು ಜಾಗ, ಅಂದರೆ 2 ಎಂಬಿ, ಒಂದೇ ತುಂಡಾಗಿ ದೊರೆಯಬೇಕು. ದೊರೆಯದಿದ್ದರೆ ಕರ್ನಲ್ ಸದ್ದಿಲ್ಲದೆ ಚಿಕ್ಕ ಪುಟ ಕೊಟ್ಟು ಮುಂದೆ ಸಾಗುತ್ತದೆ.

ಮೊದಲು ಪ್ರಾಕ್ ಅಡಿಯಲ್ಲಿರುವ ವಿಎಂಸ್ಟ್ಯಾಟ್ ಕಡತವನ್ನು ತೆರೆದು, ಟಿಎಚ್‌ಪಿ ಎಂದು ಆರಂಭವಾಗುವ ಸಾಲುಗಳನ್ನು ಬರೆದಿಟ್ಟುಕೊಳ್ಳಿ. ಇವು ಯಂತ್ರ ಬೂಟ್ ಆದಂದಿನಿಂದ ಕೂಡುತ್ತಾ ಬಂದ ಲೆಕ್ಕಗಳಾದ್ದರಿಂದ ಒಂದೇ ಓದು ಏನನ್ನೂ ಹೇಳದು. ಪ್ರೋಗ್ರಾಮನ್ನು ಓಡಿಸುವ ಮೊದಲು ಒಮ್ಮೆ, ಓಡಿಸಿದ ನಂತರ ಒಮ್ಮೆ ಓದಿ ವ್ಯತ್ಯಾಸ ತೆಗೆಯಬೇಕು. ಹ್ಯೂಜ್ ಪೇಜ್ ಸಿಕ್ಕಿದ್ದನ್ನು ಎಣಿಸುವ ಫಾಲ್ಟ್ ಅಲಾಕ್ 40ರಷ್ಟು ಏರಿ, ಸಿಗದೆ ಚಿಕ್ಕ ಪುಟಕ್ಕೆ ಇಳಿದದ್ದನ್ನು ಎಣಿಸುವ ಫಾಲ್ಟ್ ಫಾಲ್‌ಬ್ಯಾಕ್ 900ರಷ್ಟು ಏರಿದೆ ಎಂದುಕೊಳ್ಳಿ: ಕರ್ನಲ್ ಯತ್ನಿಸಿದೆ, ಬಹುಪಾಲು ಸೋತಿದೆ. ಅದರ ಜೊತೆಗೆ, ಚದುರಿದ ಖಾಲಿ ಜಾಗವನ್ನು ಒತ್ತಟ್ಟು ಮಾಡಲು ಕಾದದ್ದನ್ನೂ ಆ ಯತ್ನ ಸೋತದ್ದನ್ನೂ ಎಣಿಸುವ ಕಾಂಪ್ಯಾಕ್ಟ್ ಸ್ಟಾಲ್, ಕಾಂಪ್ಯಾಕ್ಟ್ ಫೇಲ್ ಸಾಲುಗಳೂ ಏರಿದ್ದರೆ ಮೆಮೊರಿ ಚೂರುಚೂರಾಗಿದೆಯೆಂದು ಶಂಕಿಸಬಹುದು. ಸ್ಪ್ಲಿಟ್ ಪೇಜ್ ಮತ್ತು ಸ್ಪ್ಲಿಟ್ ಪಿಎಂಡಿ ಎಂಬೆರಡನ್ನು ಹಲವರು ಒಂದೇ ಎಂದು ಓದುತ್ತಾರೆ, ಅದು ತಪ್ಪು. ಮೊದಲನೆಯದರಲ್ಲಿ ಪುಟವೇ ಒಡೆಯುತ್ತದೆ, ಎರಡನೆಯದರಲ್ಲಿ ಮ್ಯಾಪಿಂಗ್ (ವಿಳಾಸವನ್ನು ಪುಟಕ್ಕೆ ಜೋಡಿಸುವ ನಮೂದು) ಮಾತ್ರ.

ಎಣಿಕೆ ಎಷ್ಟು ಎಂದು ಹೇಳುತ್ತದೆ, ಏಕೆ ಎಂದು ಹೇಳುವುದಿಲ್ಲ. ಚಿಕ್ಕ ಪುಟಗಳನ್ನು ಆಮೇಲೆ ಒಟ್ಟುಗೂಡಿಸುವ ಕೆ-ಹ್ಯೂಜ್‌ಪೇಜ್‌ಡಿ ಥ್ರೆಡ್ಡಿನ ಮಟ್ಟಿಗೆ ಆ 'ಏಕೆ' ಟ್ರೇಸಿನಲ್ಲಿ, ಅಂದರೆ ಕರ್ನಲ್ ತನ್ನ ಕೆಲಸವನ್ನು ಸಾಲುಸಾಲಾಗಿ ದಾಖಲಿಸುವ ವ್ಯವಸ್ಥೆಯಲ್ಲಿ, ಸಿಗುತ್ತದೆ. ರೂಟ್ (ಪೂರ್ಣ ಅಧಿಕಾರದ ಬಳಕೆದಾರ) ಆಗಿ, ಟ್ರೇಸಿಂಗ್ ಡೈರೆಕ್ಟರಿಯ ಈವೆಂಟ್ಸ್ ಒಳಗಿರುವ ಹ್ಯೂಜ್ ಮೆಮೊರಿ ಗುಂಪಿನ ಎನೇಬಲ್ ಕಡತಕ್ಕೆ 1 ಬರೆದು, ಆ ಸಾಲುಗಳು ಹರಿದುಬರುವ ಟ್ರೇಸ್ ಪೈಪ್ ಕಡತ ಓದುತ್ತಾ ಕೂರಿ. ಪೂರ್ವನಿಯೋಜಿತವಾಗಿ ಈ ಥ್ರೆಡ್ 4096 ಪುಟ ಶೋಧಿಸಿ 10 ಸೆಕೆಂಡು ಮಲಗುತ್ತದೆ, ಹಾಗಾಗಿ ಸಾಲುಗಳು ಗುಂಪುಗುಂಪಾಗಿ ಬರುತ್ತವೆ. ತೆರೆ ಖಾಲಿಯಿದೆಯೆಂದು ಅವಸರಪಡಬೇಡಿ. ಸಾಲುಗಳಲ್ಲಿ ಕಾಣುವ ಸ್ಟೇಟಸ್ ಭಾಗವೇ ಮುಖ್ಯ: ಸಕ್ಸೀಡೆಡ್ ಎಂದರೆ ಆಯಿತು, ಲ್ಯಾಕ್ ರೆಫರೆನ್ಸ್ಡ್ ಪೇಜ್ ಎಂದರೆ ಆ ಭಾಗವನ್ನು ಇತ್ತೀಚೆಗೆ ಯಾರೂ ಮುಟ್ಟಿಲ್ಲ, ಅಲಾಕ್ ಹ್ಯೂಜ್ ಪೇಜ್ ಫೇಲ್ಡ್ ಎಂದರೆ ಜಾಗವೇ ಸಿಗಲಿಲ್ಲ.

ಸಾಲಿನ ಆರಂಭದಲ್ಲಿ ಸಾಮಾನ್ಯವಾಗಿ ಕಾಣುವುದು ಆ ಥ್ರೆಡ್ಡಿನ ಹೆಸರೇ ಹೊರತು ಮೆಮೊರಿಯ ಒಡೆಯನದ್ದಲ್ಲ. ನಿಮ್ಮ ಪ್ರೋಗ್ರಾಮಿಗೆ ದಕ್ಕಿದ್ದೆಷ್ಟು ಎಂಬುದನ್ನು ಅದರ ಪ್ರೋಸೆಸ್ ಸಂಖ್ಯೆಯ ಎಸ್‌ಮ್ಯಾಪ್ಸ್ ಕಡತದಲ್ಲಿ, ಅನಾನ್ ಹ್ಯೂಜ್ ಪೇಜಸ್ ಸಾಲುಗಳನ್ನು ಕೂಡಿ ತಿಳಿಯಬೇಕು. ಕೆಲಸ ಮುಗಿದೊಡನೆ ಎನೇಬಲ್ ಕಡತಕ್ಕೆ ಮರೆಯದೆ 0 ಬರೆಯಿರಿ.